ದುಂಡು ಕಿಟಕಿಯ ಜಗಳ

ಗೋಡೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವ ಚಟವೊಂದು ನನಗೆ ಅಂಟಿಕೊಂಡಿದೆ. ಬೇರೆ ಹೆಂಗಸರು ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುತ್ತಾರೆ, ನಾನು ಕಟ್ಟಡ ಬಡಿದು ನೋಡುತ್ತೇನೆ. ಕೂಡ್ಲಿಗಿಯ ದೊಡ್ಡ ರಸ್ತೆಗೆ ಮಾತ್ರೆ ತರಲೆಂದು ಹೋದವಳು ಔಷಧದಂಗಡಿಯ ಮುಂಗೋಡೆಗೆ ಎರಡು ಸಲ ಬಡಿದು ಕಿವಿಗೊಟ್ಟು ನಿಲ್ಲುತ್ತೇನೆ. ಡಬ್ ಡಬ್ ಎನ್ನುತ್ತದೆ. ಪೊಳ್ಳು. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ.

"ಟೀಚರ್, ಗ್ವಾಡಿಗೆ ಜ್ವರ ಬಂದೈತೇನ್ರಿ?" ಎಂದು ಒಳಗಿನಿಂದಲೇ ಕೇಳುತ್ತಾನೆ.

"ಗ್ವಾಡಿ ಎಲ್ಲೈತೋ? ಅದನ್ನ ಹುಡುಕಾಕತ್ತೀನಿ" ಎನ್ನುತ್ತೇನೆ.

ನನ್ನ ಹೆಸರು ಶಾಂತಾ. ಈ ಹೆಸರಿಟ್ಟವರು ಯಾರೆಂದು ಗೊತ್ತಾಗಿದ್ದರೆ ಅವರನ್ನೂ ಬೈದುಬಿಡುತ್ತಿದ್ದೆ. ಮೂವತ್ತು ಚಿಲ್ಲರೆ ವರ್ಷ ಗಣಿತ ಕಲಿಸಿದೆ. ಕರಿಹಲಗೆಯ ಮೇಲೆ ಕೈವಾರವಿಲ್ಲದೆ, ಒಂದೇ ಬೀಸಿನಲ್ಲಿ ದುಂಡನೆಯ ವೃತ್ತ ಬರೆಯುತ್ತೇನೆಂದು ನನಗೆ ಹೆಮ್ಮೆಯಿತ್ತು. ಮಕ್ಕಳಿಗೆ ನೆನಪಿರುವುದು ಆ ವೃತ್ತವಲ್ಲ, ಅದನ್ನು ಬರೆದ ಮೇಲೆ ನಾನು ಬೀಸಿ ಒಗೆಯುತ್ತಿದ್ದ ಸೀಮೆಸುಣ್ಣ.

ಈಗ ನನ್ನ ಸಿಟ್ಟೆಲ್ಲ ಆ ಶೀಟಿನ ಮೇಲೆ. ನೀವೂ ನೋಡಿರುತ್ತೀರಿ. ಮೇಲೆ ಕೆಳಗೆ ಅಲ್ಯುಮಿನಿಯಂ ತಗಡು, ನಡುವೆ ಪ್ಲಾಸ್ಟಿಕ್ಕು. ಅದನ್ನು ಕಟ್ಟಡದ ಮುಖಕ್ಕೆ ಕಬ್ಬಿಣದ ಚೌಕಟ್ಟು ಬಡಿದು ಅಂಟಿಸುತ್ತಾರೆ. ಅದಕ್ಕೆ 'ಎಲಿವೇಶನ್ ಮಾಡಿಸೋದು' ಎಂಬ ಘನವಾದ ಹೆಸರು ಬೇರೆ. ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ಬಸ್ಸಿನಲ್ಲಿ ಬನ್ನಿ. ಕಟ್ಟಡ ನೋಡಿ ಯಾವ ಊರು ಬಂತೆಂದು ಹೇಳಿದರೆ ನಿಮ್ಮ ಪಾದಕ್ಕೆ ಬಿದ್ದೇನು. ಕಂಡಕ್ಟರ್ ಕೂಗಿದರೇ ಉಂಟು. ಹಲ್ಲಿನ ದವಾಖಾನೆ, ಬಂಗಾರದಂಗಡಿ, ಬೀಜ ಗೊಬ್ಬರದಂಗಡಿ, ಕಲ್ಯಾಣಮಂಟಪ, ಎಲ್ಲಕ್ಕೂ ಒಂದೇ ಬೂದುಬಣ್ಣದ ಅಂಗಿ. ಎಲ್ಲವೂ ಮೊಬೈಲ್ ಇಟ್ಟುಕೊಡುವ ಡಬ್ಬಿಗಳ ಹಾಗೆ ಕಾಣುತ್ತವೆ. ಆ ಶೀಟಿನ ಹಿಂದೆ ಏನಿತ್ತೆಂದು ನನಗೆ ಗೊತ್ತು. ಎಣ್ಣೆ ಮಿಲ್ಲಿನ ನೆತ್ತಿಯ ಮೇಲೆ ಸಿಮೆಂಟಿನಲ್ಲೇ ಎಬ್ಬಿಸಿದ ಉಬ್ಬಕ್ಷರಗಳಿದ್ದವು. ಅಕ್ಕಸಾಲಿಗರ ಮನೆಗೆ ಅರ್ಧಚಂದ್ರದಂಥ ಬಾಲ್ಕನಿಯಿತ್ತು. ಒಬ್ಬ ದರ್ಜಿಯ ಅಂಗಡಿಯ ಬಾಗಿಲ ಮೇಲೆ ಮೂರೇ ಮೂರು ಅಡ್ಡಗೆರೆಗಳಿದ್ದವು, ಅಷ್ಟೇ. ಆದರೆ ಆ ಮೂರು ಗೆರೆ ಇದ್ದ ಜಾಗದಲ್ಲಿ ನಾಲ್ಕನೆಯದು ಎಳೆದಿದ್ದರೆ ಕೆಡುತ್ತಿತ್ತು.

ಹಳೆಯದಕ್ಕೆ ನಮ್ಮಲ್ಲಿ ಮರ್ಯಾದೆ ಇಲ್ಲವೆಂದೇನಲ್ಲ. ಹೊಳಲಿನಲ್ಲಿ ಮಲಗಿರುವ ಅನಂತಶಯನನ ಮುಂದೆ ನಮ್ಮವರು ಕೈಮುಗಿದು ಬಾಯಿ ತೆರೆದು ನಿಲ್ಲುತ್ತಾರೆ. ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಆಗಿನ ಮಂದಿ ಕೆಲಸ ನೋಡು" ಎನ್ನುತ್ತಾರೆ. ಆದರೆ ನಮ್ಮಲ್ಲಿ ಒಂದು ವಸ್ತು ಹಳೆಯದು ಅನ್ನಿಸಿಕೊಳ್ಳಬೇಕಾದರೆ ಅದನ್ನು ಮಾಡಿಸಿದವನ ಮುಖ ಯಾರಿಗೂ ನೆನಪಿರಬಾರದು. ನೆನಪಿದ್ದರೆ ಅದು ಗುಜರಿ.

ನನ್ನ ಸೋದರಮಾವ ಕೊಟ್ರಪ್ಪನ ಮುಖ ಎಲ್ಲರಿಗೂ ನೆನಪಿದೆ. ಅದೇ ಆದ ತಪ್ಪು.

ಮಾವ ಕೊಟ್ಟೂರಿನಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ. ನಾನು ಹುಟ್ಟುವುದಕ್ಕೂ ಮುಂಚೆ ವ್ಯಾಪಾರದ ಮೇಲೆ ಮುಂಬಯಿಗೆ ಹೋಗಿ, ಅಲ್ಲಿ ಸಮುದ್ರದ ದಂಡೆಗೆ ಸಾಲಾಗಿ ನಿಂತ ಮನೆಗಳನ್ನು ನೋಡಿದ. ಮೂಲೆಗಳೇ ಇಲ್ಲದ, ತಿರುವಿನಲ್ಲಿ ಬೆಣ್ಣೆ ಸವರಿದಂತೆ ಬಾಗಿದ ಮನೆಗಳು. ಊರಿಗೆ ಬಂದವನೇ ಗೌಂಡಿಯನ್ನು ಕರೆಸಿ, ಗಾಳಿಯಲ್ಲಿ ಕೈ ಬೀಸಿ ಬೀಸಿ ಅದನ್ನು ತೋರಿಸಿದನಂತೆ. ಗೌಂಡಿ ಆ ಕೈಯನ್ನೇ ನೋಡಿ ಮನೆ ಕಟ್ಟಿದ. ಮುಂಭಾಗ ದೋಣಿಯ ಮೂತಿಯ ಹಾಗೆ ದುಂಡಗೆ ತಿರುಗಿತು. ಮಾಳಿಗೆಗೆ ಗೋಡೆಯ ಬದಲು ಕಬ್ಬಿಣದ ಮೂರು ಕೊಳವೆಗಳ ಕಟಾಂಜನ ಬಂತು. ಮೆಟ್ಟಿಲ ಪಕ್ಕಕ್ಕೆ ಸಿಮೆಂಟಿನ ಜಾಲಂದ್ರ, ಮೆಟ್ಟಿಲು ತಿರುಗುವಲ್ಲಿ ಅಗಲವಾದ ಒಂದು ದುಂಡು ಕಿಟಕಿ, ರಸ್ತೆಯ ಕಡೆಗೆ ಅದರದೇ ಮರಿಗಳಂತೆ ಇನ್ನೆರಡು. ಕೊಟ್ಟೂರಿನ ಮಂದಿ ಅದನ್ನು 'ಹಡಗಿನ ಮನಿ' ಎಂದು ಕರೆದರು.

ಅಜ್ಜಿ ಸಾಯುವತನಕ ಆ ಮನೆಯನ್ನು ಕ್ಷಮಿಸಲಿಲ್ಲ. "ಹೊಳಿ ಇಲ್ಲದ ಊರಾಗ ಹಡಗ ಕಟ್ಟ್ಯಾನ ನನ ಮಗ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಮಾವ ನಕ್ಕು, "ಬೇ, ಪಕ್ಕದ ಹಡಗಲಿಯಾಗ ಹಿಂದ ಹೂವಿನ ಹಡಗು ತೇಲತಿದ್ವಂತ. ನಮ್ಮೂರಾಗ ಶೇಂಗಾದ ಹಡಗು ಇರಲಿ ಬಿಡು" ಎನ್ನುತ್ತಿದ್ದ.

ನನ್ನ ತವರು ಮಾಗಳ. ನಮಗೆ ತುಂಗಭದ್ರೆ ಇದ್ದಳು, ಹರಿಗೋಲಿತ್ತು. ಹಡಗಿರಲಿಲ್ಲ. ಮಾವನ ಮಗ ಬಸವರಾಜನಿಗೆ ಹಡಗಿತ್ತು, ನೀರಿರಲಿಲ್ಲ. ಇಬ್ಬರಿಗೂ ಒಂದೇ ವಯಸ್ಸು. ಬೇಸಿಗೆ ರಜೆಗೆ ಹೋದರೆ ಸಾಕು, ಹೊಳೆ ದೊಡ್ಡದೋ ಹಡಗು ದೊಡ್ಡದೋ ಎಂದು ಅವನಿಗೂ ನನಗೂ ಕೂದಲು ಹಿಡಿದು ಜಗಳ. ಆ ಊರಿನ ಬಿಸಿಲು ನಿಮಗೆ ಗೊತ್ತಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ನಡುಮನೆಯ ಮೊಸಾಯಿಕ್ ನೆಲಕ್ಕೆ ಕೆನ್ನೆ ಒತ್ತಿ ಮಲಗುತ್ತಿದ್ದೆ. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಹೊಯ್ದು, ಕೈಯಿಂದ ತಿಕ್ಕಿ ತಿಕ್ಕಿ ಹೊಳಪು ತರಿಸಿದ ನೆಲ. ಒಂದು ಚೂರು ಕೋಳಿಯ ಹಾಗಿತ್ತು, ಒಂದು ಆಂಧ್ರದ ನಕಾಶೆಯ ಹಾಗೆ, ಇನ್ನೊಂದು ಥೇಟು ನಮ್ಮ ಹೆಡ್‌ಮಾಸ್ತರರ ಮೂಗು. ಸಂಜೆ ಮೆಟ್ಟಿಲ ಮೇಲೆ ಜಾಲಂದ್ರದ ನೆರಳು ಬೀಳುತ್ತಿತ್ತು. ದುಂಡು ಕಿಟಕಿಯಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಒಂದು ಹೊಂಬಣ್ಣದ ರೊಟ್ಟಿಯಾಗಿ ನಿಂತು, ನಿಧಾನವಾಗಿ ಮೇಲಕ್ಕೆ ಹತ್ತಿ, ಕೆಂಪಾಗಿ ಮಾಯವಾಗುತ್ತಿತ್ತು. ವೃತ್ತವೆಂದರೆ ಏನೆಂದು ನಾನು ಕಲಿತದ್ದು ಅಲ್ಲಿ. ಆಮೇಲೆ ಪುಸ್ತಕದಲ್ಲಿ ಓದಿದ್ದೆಲ್ಲ ಬರೀ ಅದರ ಹೆಸರು.

ಸೋದರಮಾವನ ಮಗನಿಗೆ ಕೊಡುವುದು ನಮ್ಮ ಕಡೆಯ ವಾಡಿಕೆ. ಬಸವರಾಜನಿಗೆ ಶಾಂತಾ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ನನಗೆ ಹತ್ತೊಂಬತ್ತಾದಾಗ ಮಾತು ಪಕ್ಕಾ ಮಾಡಲು ನಮ್ಮವರೆಲ್ಲ ಕೊಟ್ಟೂರಿಗೆ ಹೋದರು. ಹಿರಿಯರು ಕೆಳಗೆ ಕೂತು ತಾರೀಖು ನೋಡುತ್ತಿದ್ದಾಗ ನಾವಿಬ್ಬರೂ ಮಾಳಿಗೆಯ ಮೇಲೆ ಕಟಾಂಜನ ಹಿಡಿದು ನಿಂತಿದ್ದೆವು. ಬಸು ಒಳ್ಳೆಯವನೇ. ನೋಡಲೂ ಚೆನ್ನಾಗಿದ್ದ. ಭವಿಷ್ಯದ ಮಾತಾಡಬೇಕೆಂದು ಅವನಿಗೆ ತೋರಿತೇನೋ.

"ಅಪ್ಪನ ಕಾಲ ಮುಗಿದಮ್ಯಾಲೆ ಇದನ್ನ ಕೆಡವಿಸಿ ಚೌಕ ಮನಿ ಕಟ್ಟಸ್ತೀನಿ ನೋಡು ಶಾಂತಾ. ಈ ದುಂಡು ಕಿಡಕಿಗೆ ಒಂದು ಪರದಿ ಹಾಕಾಕ ಸುದ್ದಾ ಬರಲ್ಲ."

ನಾನು ಕೆಳಗಿಳಿದು ಬಂದು ಈ ಮದುವೆ ಒಲ್ಲೆ ಎಂದೆ. ಕಾರಣ ಕೇಳಿದರು. ಓದಬೇಕು ಎಂದೆ. ಅವ್ವ ಅತ್ತಳು, ಅಪ್ಪ ಹೊರಗೆ ಹೋಗಿ ಬೀಡಿ ಸೇದಿದ. ಕಿಟಕಿಯ ಸಲುವಾಗಿ ಗಂಡನ್ನು ಬಿಟ್ಟೆನೆಂದು ಹೇಳಿದ್ದರೆ ನನ್ನನ್ನು ಓದಲು ಕಳಿಸುತ್ತಿರಲಿಲ್ಲ, ದೆವ್ವ ಬಿಡಿಸಲು ಕಳಿಸುತ್ತಿದ್ದರು.

ಆಮೇಲೆ ನನಗೆ ಕೂಡ್ಲಿಗಿಯಲ್ಲಿ ನೌಕರಿಯಾಯಿತು, ಅಲ್ಲೇ ಮದುವೆಯಾಯಿತು. ಬಸುವಿಗೆ ಹರಪನಹಳ್ಳಿ ಕಡೆಯ ವಿಮಲಾ ಎಂಬ ಹುಡುಗಿಯನ್ನು ತಂದರು. ಮಾವ ತೀರಿಹೋದ. ಬಸು ಮನೆ ಕೆಡವಲಿಲ್ಲ. ಆಡಿದ ಮಾತು ಮರೆತಿರಬೇಕು ಎಂದುಕೊಂಡೆ. ಸಮಯ ಸಿಕ್ಕಾಗಲೆಲ್ಲ ಕೊಟ್ಟೂರಿಗೆ ಹೋಗಿ ಆ ನೆಲ, ಆ ಮೆಟ್ಟಿಲು, ಆ ಕಿಟಕಿ ನೋಡಿ ಬರುತ್ತಿದ್ದೆ. ನೆಲಕ್ಕೆ ಆಸಿಡ್ ಹಾಕಬೇಡ, ಕೊಳವೆಗೆ ಬೇರೆ ಬಣ್ಣ ಹೊಡೆಸಬೇಡ, ಜಾಲಂದ್ರದ ಜೇಡರ ಬಲೆ ತೆಗೆಸು ಎಂದು ವಿಮಲಾಳಿಗೆ ಹೇಳಿ ಬರುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಹೂಂ ಎನ್ನುವವರು ಒಪ್ಪಿದ್ದಾರೆಂದು ತಿಳಿಯುವುದು ಮೇಷ್ಟ್ರುಗಿರಿಯ ರೋಗ.

ಹೋದ ದಸರೆಯ ನಂತರ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ಕೂತಿದ್ದಾಗ, ಪಕ್ಕದ ಎಲೆಯ ಸಂಬಂಧಿಯೊಬ್ಬಳು ಗೋಧಿ ಹುಗ್ಗಿ ಕಲಸುತ್ತ ಹೇಳಿದಳು.

"ಗೊತ್ತಾತಿಲ್ಲ? ಬಸವರಾಜ ಹಡಗಿನ ಮನಿ ಮಾಡರ್ನ್ ಮಾಡಸಾಕತ್ಯಾನ. ಕೆಳಗ ಯಾವುದೋ ಫೈನಾನ್ಸಿನವರು ಬಾಡಿಗಿಗೆ ಬರತಾರಂತ. ಪೂರಾ ಶೀಟ್ ಹೊಡಸ್ತಾನ."

ಮಾಡರ್ನ್! ಆ ಮನೆಗಿಂತ ಮಾಡರ್ನ್ ಆದದ್ದು ಈ ಸೀಮೆಯಲ್ಲಿ ಇನ್ನೊಂದು ಹುಟ್ಟಿಲ್ಲ. ಸುತ್ತಲಿನವರು ಕಂಬಕ್ಕೆ ಗಿಳಿ ಕೆತ್ತಿಸುತ್ತಿದ್ದ ಕಾಲದಲ್ಲಿ ನನ್ನ ಮಾವ ಒಂದು ಗಿಳಿಯೂ ಇಲ್ಲದೆ, ಒಂದು ಹೂವೂ ಇಲ್ಲದೆ, ಬರೀ ಗೋಡೆ ಬಾಗಿಸಿ ಚಂದ ಮಾಡಿದ್ದ. ನಾನು ಹುಗ್ಗಿ ಬಿಟ್ಟು ಎದ್ದೆ. ನಮ್ಮ ಮನೆಯವರು ಪಾಪ, ತಮ್ಮ ಹುಗ್ಗಿಯನ್ನು ಪೂರ್ತಿ ಉಂಡು, ನನ್ನದನ್ನೂ ಆಸೆಯಿಂದ ನೋಡಿ ಎದ್ದುಬಂದರು.

"ನಾಳೆ ಹೋಗು, ಬ್ಯಾಡ ಅನ್ನಲ್ಲ" ಎಂದರು. "ಆದ್ರ ಅವರ ಮನಿ ಅವರ ಇಷ್ಟ. ಒಂದು ತಂಬಿಗಿ ನೀರು ಕುಡದು ಮಾತಾಡು."

ಕೊಟ್ಟೂರಿನಲ್ಲಿ ಬಸ್ಸಿಳಿದು ಹೋದಾಗ ಮನೆಯ ಮುಂದೆ ಕಬ್ಬಿಣದ ಚೌಕಟ್ಟು ಅರ್ಧ ಎದ್ದಿತ್ತು. ಬಾಗಿದ ಗೋಡೆಗೆ ಶೀಟು ಬಾಗುವುದಿಲ್ಲವಲ್ಲ, ಅದಕ್ಕೆ ಮುಂದೆ ಚೌಕವಾಗಿ ಚೌಕಟ್ಟು ನಿಲ್ಲಿಸಿ ದುಂಡನ್ನು ಅದರೊಳಗೆ ಹೂತುಬಿಡುವ ಉಪಾಯ. ದೋಣಿಯ ಮೂತಿಯಲ್ಲಿ ಮೊಳೆಗಳಿಗೆ ತೂತು ಕೊರೆದಿದ್ದರು. ಕೊರೆದಲ್ಲೆಲ್ಲ ಗಾರೆ ಬಿಳಿ ಪುಡಿಯಾಗಿ ಸುರಿದಿತ್ತು. ಬಸು ರಸ್ತೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ಪಕ್ಕದಲ್ಲಿ ಗುತ್ತಿಗೆದಾರ.

"ಏನಲೇ ಬಸ್ಯಾ ಇದು?" ಎಂದೆ. ನೀರು ಕುಡಿಯುವುದು ಮರೆತಿತ್ತು.

"ಬಾ ಬಾ ಶಾಂತಾ. ಎಲಿವೇಶನ್" ಎಂದ ಬಸು, ಸಂಭ್ರಮದಿಂದ. ಗುತ್ತಿಗೆದಾರ ಮೊಬೈಲಿನಲ್ಲಿ ಮನೆಯ ಮುಂದಿನ ಅವತಾರವನ್ನು ತೋರಿಸಿದ. ಬೂದು ಡಬ್ಬಿ, ನಡುವೆ ನೀಲಿ ಗಾಜು, ಮುಂದೆ ಈ ಊರಿನಲ್ಲಿ ಎಂದೂ ಬೆಳೆಯದ ಒಂದು ಮರ, ಅದರ ಕೆಳಗೆ ಬಿಳಿಯ ಹೆಂಗಸೊಬ್ಬಳು ನಾಯಿ ಹಿಡಿದುಕೊಂಡು ಹೋಗುತ್ತಿದ್ದಳು.

"ಈಕಿ ಯಾರು? ಈಕಿನೂ ಬಾಡಿಗಿಗೆ ಬರತಾಳೇನು?"

"ಅದು ಕಂಪ್ಯೂಟರ್ ಹಾಕತೈತ್ರಿ ಅಮ್ಮಾರ" ಎಂದ ಗುತ್ತಿಗೆದಾರ. "ಇದು ಹಳೇ ಮಾಡಲ್ ಆತ್ರಿ. ಈಗ ಯಾರೂ ದುಂಡಗ ಕಟ್ಟಲ್ಲ."

"ಕಟ್ಟಾಕ ಬರಲ್ಲ ಅನ್ನು. ಕಟ್ಟಲ್ಲ ಅನಬ್ಯಾಡ."

ಬಸು ನನ್ನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿ ಹೇಳಿದ. "ನೋಡು, ಬಾಡಿಗಿಗೆ ಬರೋರು ಫ್ರಂಟ್ ನೋಡತಾರ. ಅಪ್ಪಂಗೆ ಖಯಾಲಿ ಇತ್ತು, ಕಟ್ಟಿದ. ನಾ ಹುಟ್ಟಿದಾಗಿಂದ ಹಡಗಿನ ಮನಿ ಬಸ್ಯಾ, ಹಡಗಿನ ಮನಿ ಬಸ್ಯಾ ಅಂತ ನಗಸಿಗೊಂಡೀನಿ. ಶಾಲ್ಯಾಗ ನನ್ನ ನೋಡಿದ್ರ ಹುಟ್ಟು ಹಾಕಿದಂಗ ಕೈ ಮಾಡತಿದ್ರು. ನಿನಗೇನು, ರಜಾಕ್ಕ ಬರತಿದ್ದಿ, ಹೋಗತಿದ್ದಿ."

ಅದಕ್ಕೆ ನಾನು ಏನೆಂದೆನೋ ಇಲ್ಲಿ ಬರೆಯುವುದು ಬೇಡ. ರಸ್ತೆಯ ಆ ಬದಿಯ ಅಂಗಡಿಯವರು ಹೊರಗೆ ಬಂದು ನಿಂತರು. ಅವರಲ್ಲೊಬ್ಬರು, "ಆಕಿ ಸಿಟ್ಟು ಬರಾಬರಿ ಐತಿ ಬಿಡ್ರಿ, ಆಕಿ ಬರಬೇಕಾಗಿದ್ದ ಮನಿ ಅಲ್ಲೇನು" ಎಂದದ್ದು ನನಗೂ ಕೇಳಿಸಿತು. ಮೇಲೆ ಕಟಾಂಜನದ ಹತ್ತಿರ ನಿಂತಿದ್ದ ವಿಮಲಾಳಿಗೂ ಕೇಳಿಸಿರಬೇಕು. ಅವಳು ಅಲ್ಲಿಂದಲೇ ಕರೆದಳು.

"ಅಕ್ಕಾ, ಮ್ಯಾಲೆ ಬರ್ರಿ. ಚಾ ಇಟ್ಟೀನಿ."

ವಿಮಲಾ ನನ್ನ ಪಕ್ಷವೆಂದು ನಾನು ತಿಳಿದಿದ್ದೆ. ಆ ನೆಲ ಅಷ್ಟು ವರ್ಷ ಕನ್ನಡಿಯ ಹಾಗಿದ್ದುದು ಅವಳ ಕೈಯಿಂದ. ಮೆಟ್ಟಿಲು ಹತ್ತುವಾಗಲೇ ಶುರುಮಾಡಿದೆ. "ನೀನಾದ್ರೂ ಆತಗ ಹೇಳಬಾರದೇನೇ ವಿಮಲಾ? ಇಂಥಾ ಮನಿಗೆ ತಗಡು ಬಡಿತಾನ, ನೀ ಚಾ ಮಾಡಿಕೋತ ಕುಂತಿ."

ಅವಳು ಬಸಿಯಲ್ಲಿ ಕಪ್ಪಿಟ್ಟು ನನ್ನ ಮುಂದೆ ಸರಿಸಿದಳು. ಆಮೇಲೆ ಹೇಳಿದಳು.

"ಶೀಟ್ ಹೊಡಸ್ರಿ ಅಂತ ಹೇಳಿದಾಕಿ ನಾನ ಅಕ್ಕಾ."

ಕಪ್ಪಿಗೆ ಚಾಚಿದ ಕೈಯನ್ನು ಹಿಂದೆಳೆದುಕೊಂಡೆ.

"ಈ ಮನಿಗೆ ಬಂದ ದಿನದಿಂದ ಕೇಳೀನಿ. ಅತ್ತಿ ಇದ್ದಾಗ ಅತ್ತಿ, ಈಗ ಆ ಅಂಗಡಿ ಮಂದಿ. ಶಾಂತಾ ಬರಬೇಕಾಗಿದ್ದ ಮನಿ, ಶಾಂತಾಗ ಭಾಳ ಇಷ್ಟದ ಮನಿ. ನೀವು ಬರತೀರಿ, ಗ್ವಾಡಿ ಮುಟ್ಟತೀರಿ, ಕಿಡಕಿ ಮುಟ್ಟತೀರಿ, ಅದನ್ನ ಮಾಡು ಇದನ್ನ ಮಾಡಬ್ಯಾಡ ಅಂತ ಹೇಳಿ ಹೋಗತೀರಿ. ನಾ ನೆಲ ತಿಕ್ಕತೀನಿ. ಯಾರ ನೆಲ ತಿಕ್ಕಾಕತ್ತೀನಿ ನಾನು? ಒಂದ ದಿನ ಈ ಮನಿ ನಂದು ಅನಿಸಿಲ್ಲ ನನಗ. ಮುಚ್ಚಿದ್ರ, ಹೊಸಾದು ಕಂಡ್ರ, ಆವಾಗಾದ್ರೂ ನನ್ನದಾದೀತು ಅಂತ ಮಾಡೀನಿ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಗೆದ್ದುಬಿಡಬಹುದಿತ್ತು. ನಾನು ಸಿಟ್ಟಿಗೆ ದಾರಿ ಹುಡುಕಿದೆ. ಮುಂದೆ ಬಸು ಇರಲಿಲ್ಲ, ಗುತ್ತಿಗೆದಾರ ಇರಲಿಲ್ಲ, ತಗಡೂ ಇರಲಿಲ್ಲ. ಸಿಕ್ಕದ್ದು ನಲವತ್ತು ವರ್ಷ ಬಾಯಿಬಿಟ್ಟು ಹೇಳದಿದ್ದ ಮಾತೊಂದೇ.

"ಹುಚ್ಚಿ, ನನಗ ನಿನ್ನ ಗಂಡ ಬ್ಯಾಡಾಗಿದ್ದೇ ಈ ಮನಿ ಸಲುವಾಗಿ. ಇದೇ ಮಾಳಿಗಿ ಮ್ಯಾಲೆ, ಈ ಕಿಡಕಿ ಕೆಡವತೀನಿ ಅಂದ ಆತ. ಅದಕ್ಕ ಒಲ್ಲೆ ಅಂದೆ. ಮತ್ಯಾವ ಕಾರಣಾನೂ ಇರಲಿಲ್ಲ."

ವಿಮಲಾ ನನ್ನನ್ನೇ ನೋಡಿದಳು. ಅವಳ ತುಟಿಯ ಮೂಲೆ ಒಮ್ಮೆ ಅಲ್ಲಾಡಿತು.

"ಹಂಗಾದ್ರ ಆ ಕಿಡಕಿ ಸಲುವಾಗಿ ನನಗ ಗಂಡ ಸಿಕ್ಕಾನ ಅನ್ರಿ."

"ಹೂಂ."

"ನಿಮ್ಮ ಕಿಡಕಿ ಮ್ಯಾಲೆ ನನಗ ಇನ್ನಷ್ಟು ಸಿಟ್ಟು ಬರಾಕತ್ತೈತಿ ನೋಡ್ರಿ" ಎಂದು ಹೇಳಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಶೀಟು ಏರಿತು. ಮೆಟ್ಟಿಲು ಕತ್ತಲಾಯಿತಂತೆ. ಹಗಲೇ ದೀಪ ಹಾಕುತ್ತಾರಂತೆ. ಆ ಕಡೆಯಿಂದ ಬಂದವರು ಕೊಂಡಾಡಿದರು, "ಏನ್ ಮಾಡಿಸ್ಯಾನ ಬಿಡ್ರಿ, ಹೊಸಪೇಟಿಯಾಗ ಇದ್ದಂಗ ಐತಿ" ಎಂದು. ನಾನು ಹೋಗಲಿಲ್ಲ. ಕೂಡ್ಲಿಗಿಯಲ್ಲೇ ಉಳಿದು ಅವರಿವರ ಗೋಡೆ ಬಡಿಯುತ್ತ, ಬಡಿದಲ್ಲೆಲ್ಲ ಬೈಯುತ್ತ ಚಳಿಗಾಲ ಕಳೆದೆ. ವಿಮಲಾಳ ಮೇಲೆ ಸಿಟ್ಟು ಬಂತು. ನನ್ನ ಮೇಲೂ ಬಂತು. ಚಂದದ ವಸ್ತುವನ್ನು ಮೆಚ್ಚುವುದೂ ಒಬ್ಬರ ಎದೆಯ ಮೇಲೆ ಕೂತಂತೆ ಆಗುವುದಾದರೆ ಮನುಷ್ಯರು ಕಣ್ಣು ಎಲ್ಲಿಟ್ಟುಕೊಳ್ಳಬೇಕು? ಇದಕ್ಕೆ ಉತ್ತರ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೂ ಸಿಟ್ಟು ಬಂತು.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಒಂದು ದಿನ ವಿಮಲಾಳ ಫೋನು.

"ಅಕ್ಕಾ, ಮನಿ ಇಡ್ಲಿ ಪಾತ್ರಿ ಆಗೈತಿ. ತಗಡಿನ ಹಿಂದ ಪಾರಿವಾಳ ಸೇರ್ಯಾವ, ಗುಟುರ್ ಗುಟುರ್ ಅಂತ ಮಲಗಾಕ ಬಿಡವಲ್ಲವು. ಮೆಟ್ಟಲ ಕಿಡಕಿ ಮುಂದಿನ ಶೀಟ್ ಕೊಯ್ಸಿ ತೆಗಿಸಿಬಿಟ್ಟೆ."

"ಬಸು ಏನಂದ?"

"ಒದರ್ಯಾಡಿದ್ರು. ನಾನೂ ಒದರಿದೆ. ಮನಿಯಾಗ ಹಗಲೆಲ್ಲಾ ಇರೋದು ನಾನ, ನನ್ನ ಮನಿಯಾಗ ನಾ ಬೇಯಂಗಿಲ್ಲ ಅಂದೆ." ಫೋನಿಡುವ ಮುಂಚೆ ಸೇರಿಸಿದಳು. "ನಿಮ್ಮ ಸಲುವಾಗಿ ತೆಗಿಸಿಲ್ಲ ಮತ್ತ. ನನಗ ಗಾಳಿ ಬೇಕಾಗಿತ್ತು."

ಮರುದಿನ ಕೊಟ್ಟೂರಿಗೆ ಹೋದೆ. ಏನೂ ಅನ್ನಕೂಡದು, ನೋಡಿ ಚಾ ಕುಡಿದು ಬರಬೇಕು, ಯಾವ ಗೋಡೆಯನ್ನೂ ಮುಟ್ಟಕೂಡದು ಎಂದು ಬಸ್ಸಿನಲ್ಲಿ ಉದ್ದಕ್ಕೂ ನನಗೆ ನಾನೇ ಪಾಠ ಹೇಳಿಕೊಂಡೆ. ರಸ್ತೆಯಲ್ಲಿ ನಿಂತು ತಲೆಯೆತ್ತಿದೆ. ಬೂದು ಡಬ್ಬಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಫೈನಾನ್ಸಿನ ಹಲಗೆ ಅದರ ಹಣೆಯ ಮೇಲಿತ್ತು. ಪಕ್ಕದಲ್ಲಿ, ಮೆಟ್ಟಿಲ ಕಡೆ, ಶೀಟಿನಲ್ಲಿ ಒಂದು ಚೌಕ ತೂತು. ಅಂಚು ಸೊಟ್ಟ. ಆ ಚೌಕದ ಆಳದಲ್ಲಿ ಮಾವನ ದುಂಡು ಕಿಟಕಿ, ಅದರಲ್ಲಿ ಗಾಳಿಗೆ ಮುಖವೊಡ್ಡಿ, ಅಂಚಿಗೆ ಮೊಣಕೈ ಊರಿ ನಿಂತ ವಿಮಲಾ. ಸೆರಗು ಹೊರಗೆ ಹಾರಾಡುತ್ತಿತ್ತು. ಅಷ್ಟು ವರ್ಷಗಳಲ್ಲಿ ಅವಳು ಆ ಕಿಟಕಿಗೆ ಹಾಗೆ ಒರಗಿದ್ದನ್ನು ನಾನು ನೋಡಿರಲಿಲ್ಲ.

ನಾನು ಹಲ್ಲು ಕಚ್ಚಿ ನಿಂತೆ. ಕಚ್ಚಿದ ಹಲ್ಲಿನ ಸಂದಿಯಿಂದಲೇ ಬಂತು.

"ಅದನ್ನ ದುಂಡಗ ಕೊಯ್ಸಬಾರದಿತ್ತೇನೇ?"

"ಹಂಗ ಅಂತೀರಿ ಅಂತ ಗೊತ್ತಿತ್ತು" ಎಂದಳು ಮೇಲಿನಿಂದ. "ಕೊಯ್ಯೋನು ದುಂಡಗ ಕೊಯ್ಯಲೇನ್ರಿ ಅಂತ ಕೇಳಿದ. ಬೇಕಂತಲೇ ಚೌಕ ಕೊಯ್ಸೀನಿ."

ಆ ಬದಿಯ ಅಂಗಡಿಯವರು ಮತ್ತೆ ಹೊರಗೆ ಬಂದು ನಿಂತಿದ್ದರು. ವಿಮಲಾ ಅವರ ಕಡೆಗೂ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, ನಗುವನ್ನು ತಡೆಯದೆ ಕೂಗಿದಳು.

"ಬೀದ್ಯಾಗ ಯಾಕ ನಿಂತೀರಿ? ನನ್ನ ಮನಿಗೆ ಬರ್ರಿ ಅಕ್ಕಾ. ಇನ್ನೂ ಬೈಯೋದಿದ್ರ ಒಳಗ ಕುಂತು ಬೈಯೀರಂತ."

ಬೈಯುವುದು ಬಹಳವಿತ್ತು. ಹೋದೆ.